ಏಜೆಂಟ್‌ಗೆ ಟೂಲ್ ವಿವರಣೆ ಬರೆಯುವಾಗ: ಚುಟುಕೋ ವಿಸ್ತಾರವೋ, ಒಂದೋ ಹಲವೋ, ಕನ್ನಡವೋ ಇಂಗ್ಲಿಷೋ?

ಪಹಣಿ (ಕೆಲವೆಡೆ ಉತಾರ) ಹುಡುಕಿಕೊಡುವ ಒಂದು ಎಐ ಏಜೆಂಟ್, ಅಂದರೆ ಭಾಷಾ ಮಾಡೆಲ್ ತಾನೇ ಟೂಲುಗಳನ್ನು ಕರೆದು ಕೆಲಸ ಮುಗಿಸುವ ತಂತ್ರಾಂಶ, ಕಟ್ಟುತ್ತಿದ್ದೀರಿ ಎಂದಿಟ್ಟುಕೊಳ್ಳಿ. ರೈತರೊಬ್ಬರು "ನಮ್ಮ ಹೊಸಹಳ್ಳಿ 45 ಬೈ 2ರ ಉತಾರ ನೋಡಿ ಹೇಳ್ರಿ" ಅನ್ನುತ್ತಾರೆ. ಏಜೆಂಟ್ ಒಳಗೆ ಕೂತಿರುವ ಭಾಷಾ ಮಾಡೆಲ್‌ಗೆ ನಿಮ್ಮ ಡೇಟಾಬೇಸ್ ಕಾಣುವುದಿಲ್ಲ, ಕೋಡ್ ಕಾಣುವುದಿಲ್ಲ, ಕೋಡಿನ ಮಧ್ಯೆ ಬರೆದಿಟ್ಟ ಟಿಪ್ಪಣಿಯೂ ಕಾಣುವುದಿಲ್ಲ. ಹೊರಗಿನ ಕೆಲಸ ಮಾಡಿಸಲು ನೀವು ಅದಕ್ಕೆ ಕೊಡುವ ಫಂಕ್ಷನ್ನೇ ಟೂಲ್. ಅದರಲ್ಲಿ ಮಾಡೆಲ್‌ಗೆ ಕಾಣುವುದು ಮೂರೇ: ಟೂಲಿನ ಹೆಸರು, ಅದರ ವಿವರಣೆ, ಏನೇನು ತುಂಬಬೇಕು ಎಂದು ತಿಳಿಸುವ ಜೆಸನ್ ಸ್ಕೀಮಾ. ಓಪನ್‌ಎಐ 2023ರ ಜೂನ್‌ನಲ್ಲಿ ಮಾಡೆಲ್ ಟೂಲ್ ಕರೆಯುವ ಸೌಲಭ್ಯವಾದ ಫಂಕ್ಷನ್ ಕಾಲಿಂಗ್ ತಂದಾಗಲೂ ಹೀಗೇ ಇತ್ತು. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅಂದರೆ ಟೂಲುಗಳನ್ನು ಏಜೆಂಟ್‌ಗೆ ಜೋಡಿಸುವ ಸಾಮಾನ್ಯ ನಿಯಮಾವಳಿಯಾದ ಎಂಸಿಪಿ, ಹೊರತಂದ ಮೇಲೂ ಹೀಗೇ ಇದೆ.

ಈ ಮೂರನ್ನು ಇಟ್ಟುಕೊಂಡು ಮಾಡೆಲ್ ಮೂರು ನಿರ್ಧಾರ ಮಾಡಬೇಕು: ಯಾವ ಟೂಲ್ ಕರೆಯಲಿ, ಅದಕ್ಕೆ ಏನು ತುಂಬಲಿ, ಉತ್ತರ ಬಂದ ಮೇಲೆ ಮುಂದೇನು ಮಾಡಲಿ. ವಿವರಣೆ ಬರೆಯುವಾಗ ಎದುರಾಗುವ ಆಯ್ಕೆಗಳನ್ನೆಲ್ಲ ಅಳೆಯಲು ಒಂದೇ ಕೋಲು ಸಾಕು: ನಿರ್ಧಾರ ಎಲ್ಲಿ ಆಗುತ್ತದೋ, ಅದಕ್ಕೆ ಬೇಕಾದ ಮಾಹಿತಿ ಅಲ್ಲೇ ಇದೆಯೇ?

ಟೂಲ್ ಹೆಸರುಗಳನ್ನು ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕೋಡಿನಲ್ಲಿ ಹಾಗೆ ಬರೆಯಲು ಆಗದು. ಆಂಥ್ರೊಪಿಕ್‌ನ ಮಾಡೆಲ್ ಕ್ಲಾಡ್‌ನ ಎಪಿಐಯಲ್ಲಿ (ಎಪಿಐ ಎಂದರೆ ಪ್ರೋಗ್ರಾಮ್‌ಗಳು ಒಂದನ್ನೊಂದು ಕರೆಯುವ ದಾರಿ) ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಹೈಫನ್ ಬಿಟ್ಟು ಬೇರೇನೂ ನಡೆಯುವುದಿಲ್ಲ, ಉದ್ದಕ್ಕೂ ಮಿತಿ ಇದೆ.

ಒಂದು ಸಾಲೋ, ಒಂದು ಪ್ಯಾರಾವೋ

ಮೊದಲು ಚುಟುಕು ರೂಪ:

ಹೆಸರು: ಗೆಟ್_ಡೇಟಾ
ವಿವರಣೆ: ಜಮೀನಿನ ಮಾಹಿತಿ ಪಡೆಯುತ್ತದೆ.

ಈಗ ಅದೇ ಟೂಲ್, ವಿಸ್ತಾರವಾಗಿ:

ಹೆಸರು: ಗೆಟ್_ಪಹಣಿ
ವಿವರಣೆ: ಕರ್ನಾಟಕದ ಒಂದು ಸರ್ವೆ ನಂಬರಿನ ಈಗಿನ ಪಹಣಿಯನ್ನು ಓದಿ ಕೊಡುತ್ತದೆ. ಬಳಕೆದಾರರು ಇದನ್ನೇ ಆರ್‌ಟಿಸಿ, ಉತಾರ ಎಂದೂ ಕರೆಯಬಹುದು. ಮಾಲೀಕರ ಹೆಸರು, ವಿಸ್ತೀರ್ಣ, ಬೆಳೆ, ಸಾಲದ ನಮೂದು ಕೇಳಿದಾಗ ಬಳಸಿ. ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿ ಎಲ್ಲಿಗೆ ಬಂತು ಎಂಬ ಪ್ರಶ್ನೆಗೆ ಇದನ್ನು ಬಳಸಬೇಡಿ. ಅದಕ್ಕೆ ಗೆಟ್_ಮ್ಯುಟೇಶನ್_ಸ್ಟೇಟಸ್ ಇದೆ. ಊರಿನ ಕೋಡ್ ಕಡ್ಡಾಯ. ಅದು ಫೈಂಡ್_ವಿಲೇಜ್ ಕೊಡುವ ಉತ್ತರದಲ್ಲಿ ಸಿಗುತ್ತದೆ, ಊಹಿಸಬೇಡಿ. ಹಳೆಯ ವರ್ಷಗಳ ಪಹಣಿ, ಸರ್ವೆ ನಕ್ಷೆ, ಪಟ್ಟಣದ ಸೈಟಿನ ಖಾತೆ ಇದರಲ್ಲಿ ಸಿಗುವುದಿಲ್ಲ. ದಾಖಲೆಯನ್ನು ಬದಲಿಸುವುದಿಲ್ಲ.

ಎರಡನೆಯದರಲ್ಲಿ ಅತಿ ಹೆಚ್ಚು ಕೆಲಸ ಮಾಡುವ ವಾಕ್ಯ "ಬಳಸಬೇಡಿ" ಎಂದು ಹೇಳುವ ವಾಕ್ಯ. ಟೂಲ್ ಏನು ಮಾಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಪಕ್ಕದ ಟೂಲಿಗೂ ಇದಕ್ಕೂ ಗಡಿ ಎಲ್ಲಿ ಎಂದು ಬರೆಯುವವರು ಕಡಿಮೆ, ಮಾಡೆಲ್ ಎಡವುವುದೂ ಆ ಗಡಿಯಲ್ಲೇ. "ನನ್ನ ಹೆಸರಿಗೆ ಆಯ್ತಾ?" ಎಂದು ಯಾರಾದರೂ ಕೇಳಿದರೆ ಅದು ಪಹಣಿಯ ಪ್ರಶ್ನೆಯೂ ಹೌದು, ಮ್ಯುಟೇಶನ್ ಪ್ರಶ್ನೆಯೂ ಹೌದು. ಎರಡು ಟೂಲುಗಳ ವಿವರಣೆಯೂ "ಜಮೀನಿನ ಮಾಹಿತಿ" ಎಂದಷ್ಟೇ ಇದ್ದರೆ ಮಾಡೆಲ್ ಒಂದನ್ನು ಅಂದಾಜಿನ ಮೇಲೆ ಆರಿಸುತ್ತದೆ, ಒಂದೊಂದು ಸಲ ಒಂದೊಂದನ್ನು.

ಪ್ರತಿ ಟೂಲಿಗೆ ಕನಿಷ್ಠ ಮೂರು ನಾಲ್ಕು ವಾಕ್ಯ ಇರಲಿ ಎನ್ನುವುದು ಆಂಥ್ರೊಪಿಕ್ ತನ್ನ ದಾಖಲೆಗಳಲ್ಲಿ ಕೊಟ್ಟಿರುವ ಸಲಹೆ. ಮೇಲಿನಂಥ ಟೂಲಿಗೆ ಎಂಟೊಂಬತ್ತು ವಾಕ್ಯವೂ ಹೆಚ್ಚಲ್ಲ. ಹಾಗೆಂದು ಎಲ್ಲದಕ್ಕೂ ಪ್ಯಾರಾ ಬೇಕಿಲ್ಲ. ಇವತ್ತಿನ ತಾರೀಕು ಕೊಡುವ ಟೂಲಿಗೆ ಒಂದು ಸಾಲು, ಯಾವ ಟೈಮ್‌ಝೋನ್ ಎಂಬ ಮಾಹಿತಿಯ ಜೊತೆಗೆ, ಸಾಕು. ಅದನ್ನು ಬೇರೆ ಯಾವುದರ ಜೊತೆಗೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ.

ವಿಸ್ತಾರಕ್ಕೆ ಬೆಲೆಯೂ ಇದೆ. ಮಾಡೆಲ್‌ಗೆ ಕಳಿಸುವ ಪ್ರತಿ ಕರೆಯಲ್ಲೂ ಎಲ್ಲ ಟೂಲುಗಳ ವಿವರಣೆ ಇನ್‌ಪುಟ್ ಟೋಕನ್ ಆಗಿ ಹೋಗುತ್ತದೆ. ಟೋಕನ್ ಎಂದರೆ ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕು, ದುಡ್ಡಿನ ಲೆಕ್ಕವೂ ಅದರ ಮೇಲೆಯೇ. ಟೂಲಿಗೆ 300 ಟೋಕನ್‌ನಂತೆ 40 ಟೂಲ್ ಇಟ್ಟರೆ, ಬಳಕೆದಾರ ಬಾಯಿ ತೆರೆಯುವ ಮೊದಲೇ 12,000 ಟೋಕನ್ ಆಯಿತು. ಒಂದು ಸಂಭಾಷಣೆಯಲ್ಲಿ ಹತ್ತು ಕರೆ ಎಂದರೆ 1,20,000. ಮತ್ತೆ ಮತ್ತೆ ಹೋಗುವ ಪಠ್ಯವನ್ನು ಉಳಿಸಿಟ್ಟುಕೊಳ್ಳುವ ಪ್ರಾಂಪ್ಟ್ ಕ್ಯಾಶಿಂಗ್ ಹಾಕಿಕೊಂಡರೆ ದುಡ್ಡಿನ ಹೊರೆ ಇಳಿಯುತ್ತದೆ, ಗೊಂದಲದ ಹೊರೆ ಇಳಿಯುವುದಿಲ್ಲ. ಆದ್ದರಿಂದ ಉಳಿತಾಯ ಬೇಕೆಂದರೆ ವಾಕ್ಯಗಳ ಮೇಲೆ ಕತ್ತರಿ ಹಾಕಬೇಡಿ, ಟೂಲುಗಳ ಸಂಖ್ಯೆ ಇಳಿಸಿ. ಒಂದು ಹೊತ್ತಿಗೆ 20ಕ್ಕಿಂತ ಕಡಿಮೆ ಇಟ್ಟುಕೊಳ್ಳಿ ಎಂದು ಓಪನ್‌ಎಐ ಹೇಳಿರುವುದು ಕಟ್ಟುನಿಟ್ಟಿನ ಮಿತಿಯಲ್ಲ, ಆದರೂ ಅದನ್ನು ಆರಂಭದ ಗುರಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದು ದೊಡ್ಡ ಟೂಲೋ, ಹಲವು ಚಿಕ್ಕವೋ

ಇದ್ದ ಎಪಿಐಗಳನ್ನೆಲ್ಲ ಒಂದಕ್ಕೊಂದು ಟೂಲ್ ಮಾಡಿಬಿಡುವುದು ಎಲ್ಲರೂ ಮೊದಲು ಮಾಡುವ ತಪ್ಪು. ಜಿಲ್ಲೆಗಳ ಪಟ್ಟಿ, ತಾಲ್ಲೂಕುಗಳ ಪಟ್ಟಿ, ಹೋಬಳಿಗಳ ಪಟ್ಟಿ, ಊರುಗಳ ಪಟ್ಟಿ ಹೀಗೆ ನಾಲ್ಕು ಎಪಿಐ ಇರುತ್ತವೆ. ಮನುಷ್ಯರು ವೆಬ್‌ಸೈಟಿನಲ್ಲಿ ಒಂದಾದ ಮೇಲೊಂದು ಡ್ರಾಪ್‌ಡೌನ್ ಒತ್ತಲು ಅದು ಸರಿ. ಏಜೆಂಟ್‌ಗೆ ಅದು ನಾಲ್ಕು ಸುತ್ತು, ಪ್ರತಿ ಸುತ್ತಿಗೂ ಉದ್ದನೆಯ ಪಟ್ಟಿ, ನಾಲ್ಕು ಕಡೆ ತಪ್ಪಾಗುವ ಅವಕಾಶ. ಇವುಗಳ ಬದಲು ಫೈಂಡ್_ವಿಲೇಜ್ ಎಂಬ ಒಂದೇ ಟೂಲ್ ಇಡಿ. ಊರಿನ ಹೆಸರನ್ನು ಬಳಕೆದಾರ ಹೇಳಿದ ಹಾಗೇ ತೆಗೆದುಕೊಳ್ಳಲಿ, ಜಿಲ್ಲೆ ತಾಲ್ಲೂಕು ಗೊತ್ತಿದ್ದರೆ ಸೇರಿಸಿಕೊಳ್ಳಲಿ, ಹೊಂದುವ ಊರುಗಳನ್ನು ಹೋಬಳಿ, ತಾಲ್ಲೂಕು, ಕೋಡ್ ಸಮೇತ ಕೊಡಲಿ. ಹೊಸಹಳ್ಳಿ ಎಷ್ಟೋ ತಾಲ್ಲೂಕುಗಳಲ್ಲಿದೆ. ಹಾಗಾಗಿ ವಿವರಣೆಯಲ್ಲಿ ಒಂದು ಸಾಲು ಕಡ್ಡಾಯವಾಗಿ ಬೇಕು: "ಒಂದಕ್ಕಿಂತ ಹೆಚ್ಚು ಊರು ಬಂದರೆ ಮೊದಲನೆಯದನ್ನು ಆರಿಸಿಕೊಳ್ಳಬೇಡಿ, ತಾಲ್ಲೂಕು ಯಾವುದೆಂದು ಬಳಕೆದಾರರನ್ನು ಕೇಳಿ." ಈ ಸಾಲು ಇಲ್ಲದಿದ್ದರೆ ಯಾರದೋ ಜಮೀನಿನ ವಿವರ ಇನ್ಯಾರಿಗೋ ಹೋಗುತ್ತದೆ.

ಒಟ್ಟು ಮಾಡುವುದು ಎಲ್ಲಿಯವರೆಗೆ? ಪಹಣಿ, ಮ್ಯುಟೇಶನ್ ಸ್ಥಿತಿ, ಮ್ಯುಟೇಶನ್ ಅರ್ಜಿ ಮೂರನ್ನೂ "ಲ್ಯಾಂಡ್_ರೆಕಾರ್ಡ್ಸ್" ಎಂಬ ಒಂದೇ ಟೂಲಿನಲ್ಲಿ ತುಂಬಿ, "ಆಕ್ಷನ್" ಎಂಬ ಪ್ಯಾರಾಮೀಟರಿನಿಂದ, ಅಂದರೆ ತುಂಬಬೇಕಾದ ಒಂದು ಖಾನೆಯಿಂದ, ಬೇರೆ ಮಾಡುವವರಿದ್ದಾರೆ. ಪಟ್ಟಿ ಚಿಕ್ಕದಾಗುತ್ತದೆ, ನಿಜ. ಆದರೆ ಪಹಣಿಗೆ ಸರ್ವೆ ನಂಬರ್ ಬೇಕು, ಅರ್ಜಿಯ ಸ್ಥಿತಿಗೆ ಅರ್ಜಿ ಸಂಖ್ಯೆ ಸಾಕು. ಯಾವ ಆಕ್ಷನ್‌ಗೆ ಯಾವುದು ಕಡ್ಡಾಯ ಎನ್ನುವುದನ್ನು ಸ್ಕೀಮಾದಲ್ಲಿ ಚೊಕ್ಕವಾಗಿ ಹೇಳಲಾಗದೆ ಎಲ್ಲವನ್ನೂ ಐಚ್ಛಿಕ ಮಾಡಬೇಕಾಗುತ್ತದೆ. ಆಮೇಲೆ ಮಾಡೆಲ್ ಒಂದರ ಮಾಹಿತಿಯನ್ನು ಇನ್ನೊಂದಕ್ಕೆ ತುಂಬುತ್ತದೆ. ತುಂಬಬೇಕಾದ ಮಾಹಿತಿ ಒಂದೇ ಬಗೆಯದಾಗಿದ್ದರೆ ಒಟ್ಟು ಮಾಡಿ, ಬೇರೆಯಾಗಿದ್ದರೆ ಬಿಡಿಸಿಡಿ.

ಓದುವ ಕೆಲಸವನ್ನೂ ಬರೆಯುವ ಕೆಲಸವನ್ನೂ ಮಾತ್ರ ಯಾವ ಕಾರಣಕ್ಕೂ ಒಂದೇ ಟೂಲಿನಲ್ಲಿ ಇಡಬೇಡಿ. ಎಂಸಿಪಿಯಲ್ಲಿ "ರೀಡ್‌ಓನ್ಲಿ‌ಹಿಂಟ್", "ಡಿಸ್ಟ್ರಕ್ಟಿವ್‌ಹಿಂಟ್" ಎಂಬ ಗುರುತುಗಳಿವೆ: ಮೊದಲನೆಯದು ಬರೀ ಓದುವ ಟೂಲ್ ಎನ್ನುತ್ತದೆ, ಎರಡನೆಯದು ಇದ್ದದ್ದನ್ನು ಕೆಡಿಸಬಲ್ಲ ಟೂಲ್ ಎನ್ನುತ್ತದೆ. ಅವು ಇಡೀ ಟೂಲಿಗೆ ಅನ್ವಯ, ಒಳಗಿನ ಒಂದೊಂದು ಆಕ್ಷನ್‌ಗೆ ಅಲ್ಲ. ಪಹಣಿ ಓದುವುದೂ ಅರ್ಜಿ ಸಲ್ಲಿಸುವುದೂ ಒಂದೇ ಕಡೆ ಇದ್ದರೆ ಅದನ್ನು ಓದುವ ಟೂಲ್ ಎಂದು ಗುರುತಿಸುವಂತಿಲ್ಲ. ಆಗ ಬರೀ ಪಹಣಿ ನೋಡಲೂ ಬಳಕೆದಾರನ ಮುಂದೆ ಪ್ರತಿ ಸಲ "ಅನುಮತಿಸುವಿರಾ?" ಎಂಬ ಪೆಟ್ಟಿಗೆ ಬರಬಹುದು. ಮೂರು ದಿನದಲ್ಲಿ ಜನ ಓದದೇ "ಹೌದು" ಒತ್ತಲು ಕಲಿಯುತ್ತಾರೆ. ನಿಜವಾಗಿ ತಡೆಯಬೇಕಾದ ಅರ್ಜಿಯೂ ಅದೇ ಒತ್ತಿನಲ್ಲಿ ಹೊರಟುಹೋಗುತ್ತದೆ.

ಮೌಲ್ಯ ತುಂಬಿಸುವಲ್ಲಿ: ಸ್ಟ್ರಿಂಗೋ, ಎನಮ್ಮೋ, ಬಿಡಿ ಬಿಡಿ ಖಾನೆಗಳೋ

ಟೂಲಿನ ವಿವರಣೆ ಚೆನ್ನಾಗಿ ಬರೆದವರೂ ಪ್ಯಾರಾಮೀಟರ್ ವಿವರಣೆಯನ್ನು ಖಾಲಿ ಬಿಡುತ್ತಾರೆ. "ಸರ್ವೆ_ನಂ: ಸ್ಟ್ರಿಂಗ್" (ಸ್ಟ್ರಿಂಗ್ ಎಂದರೆ ಯಾವುದೇ ಪಠ್ಯ) ಎಂದಷ್ಟೇ ಬರೆದರೆ ಮಾಡೆಲ್ "45/2" ಎಂದು ಕಳಿಸುತ್ತದೆ, ಇಲ್ಲವೇ "ಸರ್ವೆ ನಂ. 45-2", ಇಲ್ಲವೇ ಬಳಕೆದಾರ ಟೈಪ್ ಮಾಡಿದ "೪೫/೨" ಅನ್ನೇ ಕಳಿಸುತ್ತದೆ. ಪಹಣಿಗಳನ್ನು ಇಟ್ಟಿರುವ ಸರ್ಕಾರದ ಭೂಮಿ ತಂತ್ರಾಂಶ ಬಲ್ಲವರಿಗೆ ಗೊತ್ತು, ಇಲ್ಲಿ ಖಾನೆ ಒಂದಲ್ಲ, ಮೂರು: ಸರ್ವೆ ನಂಬರ್, ಸರ್ನೋಕ್ (ಸರ್ವೆ ನಂಬರಿನ ಜೊತೆಗಿನ ಗುರುತು), ಹಿಸ್ಸಾ (ಅದರೊಳಗಿನ ಪಾಲು). ಸರ್ನೋಕ್ ಬಹುತೇಕ ಕಡೆ ನಕ್ಷತ್ರದ ಚಿಹ್ನೆಯೇ, ಅಂದರೆ *. ಮಾಡೆಲ್‌ಗೆ ಇದನ್ನು ಯಾರೂ ಹೇಳದಿದ್ದರೆ ಖಾಲಿ ಬಿಡುತ್ತದೆ, ಹುಡುಕಾಟ ವಿಫಲವಾಗುತ್ತದೆ, "ನಿಮ್ಮ ಹೆಸರಿನಲ್ಲಿ ಯಾವುದೇ ದಾಖಲೆ ಇಲ್ಲ" ಎಂಬ ಮಾತು ರೈತನ ಕಿವಿಗೆ ಬೀಳುತ್ತದೆ. ಇದ್ದ ಜಮೀನು ಇಲ್ಲ ಅನ್ನಿಸಿಕೊಂಡವರ ಎದೆ ಹೇಗೆ ಹೊಡೆದುಕೊಂಡೀತು ಎಂದು ಯೋಚಿಸಿ. ಅದಕ್ಕೆ ಹೀಗೆ ಬರೆಯಿರಿ:

ಸರ್ವೆ_ನಂಬರ್, ಪೂರ್ಣಾಂಕ: ಗೆರೆಗೆ ಮುಂಚಿನ ಭಾಗ ಮಾತ್ರ. 45/2 ಎಂದರೆ ಇಲ್ಲಿ 45. ಕನ್ನಡ ಅಂಕಿ ಇದ್ದರೆ 0-9ಕ್ಕೆ ಬದಲಿಸಿ.
ಸರ್ನೋಕ್, ಸ್ಟ್ರಿಂಗ್: ಬಳಕೆದಾರರು ಹೇಳದಿದ್ದರೆ *.
ಹಿಸ್ಸಾ, ಸ್ಟ್ರಿಂಗ್: ಗೆರೆಯ ನಂತರದ ಭಾಗ ಇದ್ದ ಹಾಗೇ. 45/2 ಎಂದರೆ "2", 45/2ಅ ಎಂದರೆ "2ಅ". ಹಿಸ್ಸಾ ಇಲ್ಲದಿದ್ದರೆ *.

ಹಿಸ್ಸಾವನ್ನು ಸ್ಟ್ರಿಂಗ್ ಆಗಿಯೇ ಇಟ್ಟದ್ದು "2ಅ" ಥರದವು ಬರುವುದರಿಂದ. ಎನಮ್, ಅಂದರೆ ಇವುಗಳಲ್ಲೇ ಒಂದನ್ನು ಆರಿಸಬೇಕೆಂಬ ಸಿದ್ಧ ಪಟ್ಟಿ, ಎಲ್ಲಿ ಒಳ್ಳೆಯದು? ಮೌಲ್ಯಗಳ ಪಟ್ಟಿ ಚಿಕ್ಕದಿದ್ದು, ಬದಲಾಗದಿದ್ದು, ಒಂದೊಂದರ ಅರ್ಥ ಹೆಸರಿನಲ್ಲೇ ತಿಳಿಯುವಂತಿದ್ದರೆ. ಕರ್ನಾಟಕದ 31 ಜಿಲ್ಲೆಗಳನ್ನು ಎನಮ್ ಮಾಡಬಹುದು. ಮಾಡಿದರೆ ಬೆಳಗಾವಿಗೂ ಬೆಳಗಾಂಗೂ, ಕಲಬುರಗಿಗೂ ಗುಲ್ಬರ್ಗಕ್ಕೂ ಆಗುವ ತೊಡಕು ಅಲ್ಲಿಗೇ ಮುಗಿಯುತ್ತದೆ. ಊರುಗಳಿಗೆ ಎನಮ್ ಆಗದು. ಅರ್ಜಿಯ ಸ್ಥಿತಿಯನ್ನು "1, 2, 3" ಎಂದು ಎನಮ್ ಮಾಡುವುದಂತೂ ಬೇಡವೇ ಬೇಡ. "ಬಾಕಿ, ಮಂಜೂರು, ತಿರಸ್ಕೃತ" ಎಂದು ಪದವನ್ನೇ ಇಡಿ. ಮಾಡೆಲ್ ಓದುವುದು ಪದಗಳನ್ನು.

ಇಲ್ಲಿ ಸ್ಟ್ರಿಕ್ಟ್ ಮೋಡ್ ಬಗ್ಗೆ ಒಂದು ಎಚ್ಚರಿಕೆ. ಓಪನ್‌ಎಐ 2024ರ ಆಗಸ್ಟ್‌ನಲ್ಲಿ ತಂದ ಈ ಸೌಲಭ್ಯ ಹಾಕಿದರೆ, ಮಾಡೆಲ್ ಕಳಿಸುವುದು ಸ್ಕೀಮಾಕ್ಕೆ ತಪ್ಪದೆ ಹೊಂದುತ್ತದೆ. ಹಾಕುವುದೇ ಲೇಸು. ಆದರೆ ಅಲ್ಲಿ ಎಲ್ಲ ಖಾನೆಗಳನ್ನೂ ಕಡ್ಡಾಯ ಎಂದೇ ಬರೆಯಬೇಕು. ಐಚ್ಛಿಕವಾದದ್ದಕ್ಕೆ "ನಲ್" (ಏನೂ ಇಲ್ಲ) ಅನ್ನೂ ಒಪ್ಪುವ ಟೈಪ್ ಕೊಡಬೇಕು. ನಲ್ ಕೊಡುವುದನ್ನು ಮರೆತರೆ, ಬಳಕೆದಾರ ತಾಲ್ಲೂಕು ಹೇಳದಿದ್ದರೂ ಮಾಡೆಲ್ ಏನಾದರೊಂದು ತುಂಬಲೇಬೇಕಾದ ಇಕ್ಕಟ್ಟಿಗೆ ಬೀಳುತ್ತದೆ. ಸ್ಟ್ರಿಕ್ಟ್ ಮೋಡ್ ಆಕಾರಕ್ಕೆ ಜಾಮೀನು ಕೊಡುತ್ತದೆ, ಸತ್ಯಕ್ಕೆ ಕೊಡುವುದಿಲ್ಲ.

ಎಕರೆ ಗುಂಟೆಯ ಲೆಕ್ಕ

ಟೂಲ್ ಕೊಡುವ ಉತ್ತರದ ಬಗ್ಗೆಯೂ ಇಷ್ಟೇ ಕಾಳಜಿ ಬೇಕು, ಏಕೆಂದರೆ ಮಾಡೆಲ್ ಓದಿ ಅರ್ಥ ಹೇಳುವುದು ಅದನ್ನೇ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆ ಎಂಬ ಸರದಿಯಲ್ಲಿ ನಡುವೆ ಚುಕ್ಕೆ ಇಟ್ಟು ಬರೆಯುತ್ತಾರೆ. 2.20 ಎಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಈ ಚುಕ್ಕೆಯನ್ನು ದಶಮಾಂಶ ಎಂದು ಓದಿದರೆ 2.20 ಎಕರೆ ಎಂದಾಗಿ, ಅದು 2 ಎಕರೆ 8 ಗುಂಟೆಗೆ ಇಳಿಯುತ್ತದೆ. ಹನ್ನೆರಡು ಗುಂಟೆ, ಗುಂಟೆಗೆ 1,089 ಚದರಡಿಯಂತೆ 13,068 ಚದರಡಿ, ಒಂದು ಚುಕ್ಕೆಯಲ್ಲಿ ಮಾಯ. ಕೂಡಿಸುವಾಗ ಇನ್ನೂ ಕೆಡುತ್ತದೆ: 1.30 ಮತ್ತು 1.30 ಸೇರಿದರೆ ಮಾಡೆಲ್ 2.60 ಎನ್ನುತ್ತದೆ, ಸರಿಯುತ್ತರ 3 ಎಕರೆ 20 ಗುಂಟೆ.

ಇದಕ್ಕೆ ಎರಡು ದಾರಿ. ವಿವರಣೆಯಲ್ಲಿ "ಚುಕ್ಕೆ ದಶಮಾಂಶವಲ್ಲ, 40 ಗುಂಟೆಗೆ 1 ಎಕರೆ" ಎಂದು ಬರೆಯುವುದು ಒಂದು. ಉತ್ತರವನ್ನೇ "ಎಕರೆ: 2, ಗುಂಟೆ: 20, ಆಣೆ: 0" ಎಂದು ಬಿಡಿಸಿ ಕೊಡುವುದು ಇನ್ನೊಂದು. ಎರಡನೆಯದೇ ಗಟ್ಟಿ. ಮಾತಿನಲ್ಲಿ ಎಚ್ಚರಿಸಿದ್ದನ್ನು ಮಾಡೆಲ್ ಉದ್ದನೆಯ ಸಂಭಾಷಣೆಯಲ್ಲಿ ಮರೆತೀತು, ಬಿಡಿಸಿಟ್ಟ ಖಾನೆಯನ್ನು ತಪ್ಪಾಗಿ ಓದುವುದು ಕಷ್ಟ. ಒಟ್ಟು ಮೊತ್ತ ಬೇಕಾಗುವುದಾದರೆ ಅದನ್ನೂ ಕೋಡಿನಲ್ಲೇ ಕೂಡಿಸಿ "ಒಟ್ಟು_ಗುಂಟೆ: 100" ಎಂದು ಕೊಟ್ಟುಬಿಡಿ. ವಿವರಣೆಯಲ್ಲಿ ಏನನ್ನಾದರೂ ಎರಡು ವಾಕ್ಯ ಎಚ್ಚರಿಸಬೇಕಾಗಿ ಬಂದರೆ, ಟೂಲನ್ನೇ ತಿದ್ದಿ ಆ ವಾಕ್ಯಗಳನ್ನು ಅಳಿಸಲು ಆಗುತ್ತದೆಯೇ ಎಂದು ಮೊದಲು ನೋಡಿ.

ಕನ್ನಡವೋ ಇಂಗ್ಲಿಷೋ

ಬಳಕೆದಾರರು ಕನ್ನಡದಲ್ಲಿ ಮಾತಾಡುತ್ತಾರೆ ಎಂದರೆ ವಿವರಣೆಯೂ ಕನ್ನಡದಲ್ಲಿರಲಿ ಎನ್ನುವುದು ಸಹಜವಾದ ಆಸೆ. ಈಗಿನ ದೊಡ್ಡ ಮಾಡೆಲ್‌ಗಳು ಕನ್ನಡದ ವಿವರಣೆಯನ್ನು ಅರ್ಥ ಮಾಡಿಕೊಳ್ಳುತ್ತವೆ. ಆದರೆ ಅದೇ ಅರ್ಥದ ಕನ್ನಡ ಪಠ್ಯ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ತಿನ್ನುತ್ತದೆ, ಅದೂ ಪ್ರತಿ ಕರೆಯಲ್ಲಿ. ನೀವು ಬಳಸುವ ಮಾಡೆಲಿನ ಟೋಕನ್ ಎಣಿಸುವ ಸಾಧನದಲ್ಲಿ ಎರಡನ್ನೂ ಹಾಕಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪೂರ್ತಿ ಇಂಗ್ಲಿಷಿನಲ್ಲಿ ಬರೆದರೆ ಬೇರೆ ತೊಂದರೆ. ಇಂಗ್ಲಿಷ್ ವಿವರಣೆಯಲ್ಲಿ "ಲ್ಯಾಂಡ್ ರೆಕಾರ್ಡ್" ಎಂದಿದ್ದರೆ, ಮೈಸೂರಿನವರ "ಪಹಣಿ"ಗೂ ಧಾರವಾಡದ ಕಡೆಯವರ "ಉತಾರ"ಕ್ಕೂ ಅದೇ ಟೂಲ್ ಎಂದು ಮಾಡೆಲ್ ತಾನಾಗಿ ಊಹಿಸಬೇಕು. "ಪಹಣಿ" ಗೊತ್ತಾದೀತು, "ಉತಾರ" ಕೈತಪ್ಪಬಹುದು. ನಮ್ಮ ತೀರ್ಪು ಹೀಗೆ: ವಾಕ್ಯಗಳು ಇಂಗ್ಲಿಷಿನಲ್ಲಿರಲಿ, ಜನ ಬಾಯಲ್ಲಿ ಹೇಳುವ ಪದಗಳು ಕನ್ನಡ ಲಿಪಿಯಲ್ಲೇ ಅದರೊಳಗೆ ಬರಲಿ. ಪಹಣಿ, ಉತಾರ, ಖಾತೆ ಬದಲಾವಣೆ, ಪೋಡಿ (ಜಮೀನು ಭಾಗ ಮಾಡಿ ಬಿಡಿಸುವುದು), ಹಿಸ್ಸಾ ಇವುಗಳನ್ನು ಅನುವಾದ ಮಾಡಲು ಹೋಗಬೇಡಿ. ಟೂಲು ನಾಲ್ಕೈದೇ ಇದ್ದು, ವಿವರಣೆಯನ್ನು ತಿದ್ದಿ ನೋಡಿಕೊಳ್ಳುವವರು ಕಂದಾಯ ಇಲಾಖೆಯ ಕೆಲಸ ಬಲ್ಲವರಾಗಿದ್ದು ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯುವವರಾದರೆ, ಪೂರ್ತಿ ಕನ್ನಡವೇ ಇರಲಿ. ಟೋಕನ್ ಖರ್ಚಿಗಿಂತ ಸರಿಯಾದ ವಿವರ ಮುಖ್ಯ.

ಊರಿನ ಹೆಸರು ಯಾವ ಲಿಪಿಯಲ್ಲಿ ಬರಬೇಕು ಎನ್ನುವುದನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ. ರೋಮನ್ ಲಿಪಿಯಲ್ಲಿ ಒಂದೇ ಊರನ್ನು ಮೂರು ನಾಲ್ಕು ಬಗೆಯಲ್ಲಿ ಬರೆಯುವ ರೂಢಿ ಇದೆ. ಲಿಪಿ ಬದಲಿಸುವ, ಹತ್ತಿರದ ಹೆಸರು ಹುಡುಕುವ ಕೆಲಸವನ್ನು ಕೋಡ್ ಮಾಡಲಿ. ಮಾಡೆಲ್‌ಗೆ "ಬಳಕೆದಾರರು ಹೇಳಿದ ಹಾಗೇ ಕಳಿಸಿ" ಎಂದರೆ ಮುಗಿಯಿತು.

ನಿಯಮ ಎಲ್ಲಿ ಬರೆಯಬೇಕು

ಒಂದೇ ಟೂಲಿಗೆ ಸಂಬಂಧಿಸಿದ ನಿಯಮ ಆ ಟೂಲಿನ ವಿವರಣೆಯಲ್ಲಿರಲಿ. ಇಡೀ ಸಂಭಾಷಣೆಗೆ ಅನ್ವಯಿಸುವುದು, ಉದಾಹರಣೆಗೆ "ಬೇರೆಯವರ ಸಾಲದ ವಿವರ ಹೇಳಬೇಡ" ಎನ್ನುವುದು, ಸಂಭಾಷಣೆಗೆ ಮುಂಚೆಯೇ ಮಾಡೆಲ್‌ಗೆ ಕೊಡುವ ಸೂಚನೆಯಲ್ಲಿ, ಅಂದರೆ ಸಿಸ್ಟಮ್ ಪ್ರಾಂಪ್ಟಿನಲ್ಲಿ, ಇರಲಿ. ಎರಡೂ ಕಡೆ ಬರೆದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೀರಿ. ಎಂಸಿಪಿ ಸರ್ವರ್, ಅಂದರೆ ಬೇರೆಯವರ ಏಜೆಂಟ್‌ಗೂ ಟೂಲ್ ಒದಗಿಸುವ ತಂತ್ರಾಂಶ, ಕಟ್ಟುವವರಿಗೆ ಈ ಆಯ್ಕೆಯೇ ಇಲ್ಲ: ನಿಮ್ಮ ಟೂಲನ್ನು ಯಾರು ಯಾವ ಏಜೆಂಟ್‌ಗೆ ಜೋಡಿಸುತ್ತಾರೋ, ಅವರ ಸಿಸ್ಟಮ್ ಪ್ರಾಂಪ್ಟ್ ನಿಮ್ಮ ಕೈಯಲ್ಲಿಲ್ಲ. ವಿವರಣೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಬೇರೆಯವರ ಎಂಸಿಪಿ ಸರ್ವರ್ ಜೋಡಿಸಿಕೊಳ್ಳುವಾಗ ಅವರ ವಿವರಣೆಗಳನ್ನು ಪೂರ್ತಿ ಓದಿ. ಮಾಡೆಲ್ ವಿವರಣೆಯನ್ನು ಸೂಚನೆಯಂತೆ ಪಾಲಿಸುತ್ತದೆ. ಹೀಗಾಗಿ ವಿವರಣೆಯೊಳಗೆ ಕೆಟ್ಟ ಸೂಚನೆ ಬಚ್ಚಿಟ್ಟು ಮಾಹಿತಿ ಕದಿಯಬಹುದು ಎಂದು 2025ರ ಏಪ್ರಿಲ್‌ನಲ್ಲಿ ಎಐ ಭದ್ರತೆಯ ಕಂಪನಿ ಇನ್ವೇರಿಯಂಟ್ ಲ್ಯಾಬ್ಸ್ ತೋರಿಸಿತು. ಸರ್ವರ್ ತನ್ನ ಬಗ್ಗೆ ತಾನೇ ಹಾಕಿಕೊಂಡ "ರೀಡ್‌ಓನ್ಲಿ" ಗುರುತನ್ನೂ ಹಾಗೇ ನಂಬಬಾರದು.

ತಪ್ಪಾದಾಗ ಏನು ಹೇಳಬೇಕು

"ಎರರ್ 404" ಎಂದು ಕೊಟ್ಟರೆ ಮಾಡೆಲ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತದೆ, ಇಲ್ಲವೇ ಏನೋ ಒಂದು ಹೇಳಿ ಮುಗಿಸುತ್ತದೆ. "ಸರ್ವೆ ನಂಬರ್ 45 ಇದೆ, ಆದರೆ ಹಿಸ್ಸಾ 7 ಇಲ್ಲ. ಇರುವ ಹಿಸ್ಸಾಗಳು: 1, 2, 3. ಯಾವುದೆಂದು ಬಳಕೆದಾರರನ್ನು ಕೇಳಿ" ಎಂದು ಕೊಟ್ಟರೆ ಮುಂದಿನ ಹೆಜ್ಜೆ ತಾನಾಗಿ ಸರಿಹೋಗುತ್ತದೆ. ಇದೂ ವಿವರಣೆಯೇ, ಬೇಕಾದ ಹೊತ್ತಿಗೆ ಮಾತ್ರ ಕಾಣುವ ವಿವರಣೆ. ಮೇಲಿನ ಟೋಕನ್ ಲೆಕ್ಕದಲ್ಲಿ ಇದಕ್ಕೆ ಖರ್ಚೇ ಇಲ್ಲ. ಎಂಸಿಪಿಯಲ್ಲಿ ಇಂಥದ್ದನ್ನು ಪ್ರೋಟೋಕಾಲ್ ಮಟ್ಟದ ದೋಷವಾಗಿ ಕಳಿಸದೆ, "ಈಸ್‌ಎರರ್" ಗುರುತು ಹಾಕಿದ ಸಾಮಾನ್ಯ ಉತ್ತರವಾಗಿ ಕಳಿಸಿ. ಆಗಲೇ ಅದು ಮಾಡೆಲ್‌ನ ಕಣ್ಣಿಗೆ ಬೀಳುವ ಖಾತ್ರಿ ಹೆಚ್ಚು.

"ದಾಖಲೆ ಇಲ್ಲ" ಎನ್ನುವುದನ್ನೂ "ಸರ್ವರ್ ಉತ್ತರ ಕೊಡಲಿಲ್ಲ" ಎನ್ನುವುದನ್ನೂ ಒಂದೇ ಖಾಲಿ ಪಟ್ಟಿಯಾಗಿ ಹಿಂದಿರುಗಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ ತಪ್ಪು. ಮೊದಲನೆಯದಕ್ಕೆ ಹುಡುಕಿದ ಮೌಲ್ಯಗಳನ್ನು ತಿರುಗಿ ತೋರಿಸಿ. ಎರಡನೆಯದಕ್ಕೆ "ದಾಖಲೆ ಇದೆಯೋ ಇಲ್ಲವೋ ತಿಳಿದಿಲ್ಲ, ಇಲ್ಲ ಎಂದು ಹೇಳಬೇಡಿ" ಎಂದು ನೇರವಾಗಿ ಬರೆಯಿರಿ.

ಪರೀಕ್ಷೆ

ಯಾವ ರೂಪ ಒಳ್ಳೆಯದೆಂದು ಚರ್ಚೆ ಮಾಡುವುದಕ್ಕಿಂತ ಎರಡನ್ನೂ ಓಡಿಸಿ ನೋಡಿ. ಜನ ನಿಜವಾಗಿ ಕೇಳುವ ಧಾಟಿಯ 30 ಪ್ರಶ್ನೆ ಸಾಕು. ಅದರಲ್ಲಿ ಐದಾರು ಅರೆಬರೆ ಮಾಹಿತಿ ಇರುವಂಥವು, ನಾಲ್ಕೈದು ಟೂಲನ್ನೇ ಕರೆಯಬಾರದಂಥವು ಇರಲಿ. "ಪೋಡಿ ಅಂದ್ರೆ ಏನ್ರಿ?" ಎಂದು ಕೇಳಿದವರಿಗೆ ಪಹಣಿ ಹುಡುಕಬೇಕಿಲ್ಲ. ಪ್ರತಿ ಪ್ರಶ್ನೆಯನ್ನು ಐದು ಸಲ ಓಡಿಸಿ, ಏಕೆಂದರೆ ಮಾಡೆಲ್ ಪ್ರತಿ ಸಲ ಒಂದೇ ದಾರಿ ಹಿಡಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ತಪ್ಪಿನ ಬಗೆ ನೋಡಿದರೆ ಎಲ್ಲಿ ತಿದ್ದಬೇಕೆಂದು ತಿಳಿಯುತ್ತದೆ. ಬೇರೆ ಟೂಲ್ ಕರೆದರೆ ಹೆಸರು, ಮೊದಲ ವಾಕ್ಯ, "ಬಳಸಬೇಡಿ" ವಾಕ್ಯ ಮೂರನ್ನೂ ಎರಡೂ ಟೂಲುಗಳಲ್ಲಿ ತಿದ್ದಿ; ಗಡಿಯ ಕಲ್ಲು ಎರಡೂ ಹೊಲದವರಿಗೆ ಕಾಣಬೇಕು. ಟೂಲ್ ಸರಿ, ಮೌಲ್ಯ ತಪ್ಪು ಎಂದರೆ ಪ್ಯಾರಾಮೀಟರ್ ವಿವರಣೆಗೆ ಒಂದು ಉದಾಹರಣೆ ಸೇರಿಸಿ. ಒಂದೇ ಕರೆ ಮೂರು ಸಲ ಬಂದರೆ ದೋಷದ ಸಂದೇಶ ಓದಿ ನೋಡಿ. ಬಳಕೆದಾರರನ್ನು ಕೇಳಬೇಕಾದಲ್ಲಿ ಮಾಡೆಲ್ ಊಹಿಸುತ್ತಿದ್ದರೆ, ಆ ಖಾನೆಗೆ ನಲ್ ಒಪ್ಪಿಗೆ ಇದೆಯೇ ಎಂದು ಮೊದಲು ಪರೀಕ್ಷಿಸಿ, ಆಮೇಲೆ "ಕೇಳಿ" ಎಂಬ ವಾಕ್ಯ ಸೇರಿಸಿ. ಮಾಡೆಲಿನ ಹೊಸ ಆವೃತ್ತಿಗೆ ಹೋಗುವ ದಿನ ಅದೇ 30 ಪ್ರಶ್ನೆಗಳನ್ನು ಮತ್ತೆ ಓಡಿಸಿ, ಹೊಸಹಳ್ಳಿಯ ಪ್ರಶ್ನೆಯನ್ನು ತಾಲ್ಲೂಕು ಹೇಳದೆಯೇ.